ಹಿಟ್ಟು ಮೀಮಾಂಸೆ

ಗ್ರಂಥದ ಆರಂಭದಲ್ಲೇ ಅದರ ವ್ಯಾಪ್ತಿಯನ್ನು ಹೇಳಿಬಿಡುವುದು ಶಾಸ್ತ್ರಕಾರನ ಕರ್ತವ್ಯ. ಈ ಮೀಮಾಂಸೆಯ ವ್ಯಾಪ್ತಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ಶಿಕ್ಷಣ ಇಲಾಖೆ ಈ ನಾಲ್ಕನ್ನೂ ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದೆ. ಇಲಾಖೆ ಹುಟ್ಟುವ ಎಷ್ಟೋ ಮೊದಲೇ ಹಿಟ್ಟಿನ ಕೋಲು ಇವನ್ನು ಒಟ್ಟುಗೂಡಿಸಿತ್ತು ಎಂಬುದು ನನ್ನ ಪ್ರತಿಜ್ಞೆ. ಇದಕ್ಕೆ ಕಂದಾಯ ದಾಖಲೆಗಳಲ್ಲಿ ಆಧಾರವಿಲ್ಲ, ಹೊಟ್ಟೆಗಳಲ್ಲಿದೆ.

ಹಿಟ್ಟು ಎಂದರೆ ಇಲ್ಲಿ ಬೆಂದ ರಾಗಿಮುದ್ದೆ. ಇದರಲ್ಲಿ ಇರುವ ಪದಾರ್ಥಗಳು ಎರಡೇ, ನೀರು ಮತ್ತು ರಾಗಿ. ಎರಡೇ ಪದಾರ್ಥಗಳಿರುವ ಶಾಸ್ತ್ರ ಸುಲಭವಾಗಿರಬೇಕು ಎಂದು ನಗರದ ಪೂರ್ವಪಕ್ಷಿಗಳು ವಾದಿಸುತ್ತಾರೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಎಂದು ಸೂತ್ರವನ್ನೂ ಬರೆದಿದ್ದಾರೆ. ಈ ಸೂತ್ರವನ್ನು ಪರೀಕ್ಷಿಸಲು ಮಿಡಿಗೇಶಿ ಕಡೆಯ ಒಬ್ಬ ಅಜ್ಜಿಯನ್ನು ಆಕರವ್ಯಕ್ತಿಯಾಗಿ ಆರಿಸಿಕೊಳ್ಳಲಾಯಿತು.

"ನೀರು ಎಷ್ಟಿಡಬೇಕಜ್ಜಿ?"

"ಹಿಟ್ಟಿಗೆ ತಕ್ಕಷ್ಟು."

"ಹಿಟ್ಟು ಎಷ್ಟು?"

"ನೀರಿಗೆ ತಕ್ಕಷ್ಟು ಕಣಪ್ಪ. ಓದಿದೋನಾಗಿ ಅಷ್ಟೂ ತಿಳೀದಾ?"

ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಇಂಥ ದೋಷವಿರುವ ವಾದ ಸಭೆಯಲ್ಲಿ ನಿಲ್ಲುವುದಿಲ್ಲ. ಒಲೆಯ ಮೇಲೆ ಮಾತ್ರ ಮೂರು ಹೊತ್ತೂ ನಿಲ್ಲುತ್ತದೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಗಳನ್ನು ಹಾದುಹೋಗುತ್ತ, ಬಿತ್ತನೆ ಎಷ್ಟು, ಇಳುವರಿ ಎಷ್ಟು ಎಂದು ರೈತರನ್ನು ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಹೊಲ ಬಿಟ್ಟು ಅಡುಗೆಮನೆಯಲ್ಲಿ ಕೇಳಿದ್ದರೆ ಕಾಲು ಸಂಪುಟವೂ ಆಗುತ್ತಿರಲಿಲ್ಲ.

ಇನ್ನು ಪಂಥಗಳ ವಿಚಾರ. ಸುರಿವಾದಿಗಳು ಮರಳುವ ನೀರಿನ ನಡುವೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲು ಚುಚ್ಚಿ ತೂತು ಮಾಡಿ, ಕದಡದೆ ಬೇಯಲು ಬಿಟ್ಟು ಆಮೇಲೆ ತೊಳಸುತ್ತಾರೆ. ಕದಡುವಾದಿಗಳು ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹುಯ್ದು ಗಂಜಿ ಕಾಯಿಸಿ, ಅದರ ಮೇಲೆ ಉಳಿದ ಹಿಟ್ಟು ಹಾಕುತ್ತಾರೆ. ಪಾವಗಡದ ಕಡೆ ಅಗುಳುವಾದಿಗಳೂ ಇದ್ದಾರೆ. ಇವರು ಅಕ್ಕಿಯನ್ನೋ ನುಚ್ಚನ್ನೋ ಮೊದಲು ಮೆತ್ತಗೆ ಬೇಯಿಸಿ ಅದರ ಮೇಲೆ ಹಿಟ್ಟು ಹಾಕುವವರು. ಆಂಧ್ರದ ಗಡಿ ದಾಟಿದರೆ ಇದೇ ಸಂಗಟಿ. ರಾತ್ರಿ ಉಳಿದ ಅನ್ನವನ್ನು ಎಸರಿಗೆ ಹಾಕುವ ಉಪಪಂಥವೊಂದಿದೆ. ಅದನ್ನು ದರ್ಶನವೆನ್ನುವುದಕ್ಕಿಂತ ಹಣಕಾಸು ನೀತಿ ಎನ್ನುವುದು ಸರಿ.

ಮೂರೂ ಪಂಥಗಳ ಸಮಾನ ಶತ್ರು ಗಂಟು. ಒಣಹಿಟ್ಟಿನ ಉಂಡೆಯೊಂದು ಕುದಿನೀರಿಗೆ ಬಿದ್ದಾಗ ಹೊರಮೈಯ ಪಿಷ್ಟ ತಕ್ಷಣ ಬೆಂದು ಅಂಟಿನ ಪೊರೆಯಾಗುತ್ತದೆ. ಆ ಪೊರೆ ನೀರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಗಂಟಿನ ಲಕ್ಷಣ: ಹೊರಗೆ ಪಕ್ವ, ಒಳಗೆ ಹಸಿ, ನೀರು ಹುಯ್ದರೂ ಇಳಿಯದು. ಈ ಲಕ್ಷಣ ಕೆಲವು ವಿದ್ವಾಂಸರಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷ ಬರುತ್ತದೆ ಎಂದು ಮಾರ್ಗದರ್ಶಕರು ಆಕ್ಷೇಪಿಸಿದರು. ದೋಷವನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಹಿಟ್ಟು ಬೆಂದಿತೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷ ಪ್ರಮಾಣವೆಂದರೆ ಒದ್ದೆ ಬೆರಳು. ಮುಟ್ಟಿದರೆ ಅಂಟಬಾರದು. ಶಬ್ದ ಪ್ರಮಾಣವೂ ಉಂಟು: ಎಸರು ಗೊಟಗೊಟ ಎನ್ನುತ್ತಿದ್ದದ್ದು ಲೊಚಪಚಕ್ಕೆ ಇಳಿದಾಗ ಕೋಲು ಹಿಡಿಯಬೇಕು. ಅನುಮಾನ ಪ್ರಮಾಣದಲ್ಲಿ ಮಾತ್ರ ನಮ್ಮ ಸೀಮೆ ಸಂಪ್ರದಾಯವನ್ನು ಒಪ್ಪುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಬೆಟ್ಟ ತೋರಿಸಿ ಹೇಳುತ್ತಾರೆ. ಹಸಿ ಜಾಲಿ ಸೌದೆ ಇಟ್ಟು ಊದುಗೊಳವೆ ಊದಿದ ಯಾವ ಹೆಂಗಸೂ ಇದನ್ನು ಒಪ್ಪಲಾರಳು. ಹೊಗೆಯಿದ್ದಲ್ಲಿ ಬೆಂಕಿ ಇನ್ನೂ ಹತ್ತಿಲ್ಲ.

ಮುದ್ದೆಗೆ ಸ್ವಂತ ರುಚಿಯಿಲ್ಲ ಎಂಬುದು ಅನ್ನವಾದಿಗಳ ಹಳೆಯ ಆಕ್ಷೇಪ. ಸಮಾಧಾನ: ಮುದ್ದೆ ನಿರ್ಗುಣ, ಸಾರು ಸಗುಣ. ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಈ ಎಲ್ಲ ಉಪಾಧಿಗಳೂ ಸಾರಿನ ಪಾಲು. ಅದರಲ್ಲೂ ಮತಭೇದವಿದೆ. ಉಪ್ಸಾರಿನಲ್ಲಿ ಸೊಪ್ಪು, ಕಾಳು ಬೆಂದ ನೀರು ಬೇರೆ, ಅರೆದ ಖಾರ ತಟ್ಟೆಯ ಅಂಚಿನಲ್ಲಿ ಬೇರೆ; ಉಣ್ಣುವವನು ಬೇಕಾದಷ್ಟು ಕಲಸಿಕೊಳ್ಳಬೇಕು. ಇದು ಶುದ್ಧ ದ್ವೈತ. ಬಸ್ಸಾರಿನಲ್ಲಿ ಬಸಿದ ಕಟ್ಟಿಗೇ ಖಾರ ರುಬ್ಬಿ ಹಾಕಿ ಕುದಿಸುವುದರಿಂದ ಭೇದವೇ ಉಳಿಯದು, ಅದ್ವೈತ. ಮಸ್ಸೊಪ್ಪನ್ನು ಎಷ್ಟೇ ಮಸೆದರೂ ಅಲ್ಲೊಂದು ಇಲ್ಲೊಂದು ಬೇಳೆ ತನ್ನತನ ಬಿಡದೆ ಇಣುಕುವ ಕಾರಣ ಅದು ವಿಶಿಷ್ಟಾದ್ವೈತ. ಬಸ್ಸಾರಿನ ಇನ್ನೊಂದು ಹೆಚ್ಚುಗಾರಿಕೆ ಎಂದರೆ ಬಸಿದು ಉಳಿದ ಸೊಪ್ಪು, ಕಾಳಿಗೆ ಸಾಸಿವೆ ಒಗ್ಗರಣೆ ಬಿದ್ದರೆ ಅದೇ ಪಲ್ಯ. ಒಂದೇ ಪಾತ್ರೆಯಿಂದ ಇಬ್ಬರು ಪ್ರತಿವಾದಿಗಳು ಹುಟ್ಟುವ ಇಂಥ ಉದಾಹರಣೆ ವೇದಾಂತದಲ್ಲೂ ವಿರಳ.

ಈಗ ಪ್ರಬಂಧದ ಅತ್ಯಂತ ಸೂಕ್ಷ್ಮ ಭಾಗಕ್ಕೆ ಬರೋಣ. ಹೆದ್ದಾರಿಯ ಹೋಟೆಲುಗಳು ‘ಅಪ್ಪಟ ನಾಟಿ ಊಟ’ ಎಂದು ಬೋರ್ಡು ಹಾಕುತ್ತವೆ. ಆ ತಟ್ಟೆಯಲ್ಲಿರುವವರ ಪೌರತ್ವವನ್ನು ಪರಿಶೀಲಿಸಲಾಗಿ ಕಂಡದ್ದು ಹೀಗೆ. ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡಿನದು. ಹುಣಸೆಯೂ ಆಫ್ರಿಕದ್ದೇ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದಿಳಿದದ್ದು. ಪಾವಗಡದವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ, ಚಟ್ನಿ ಅರೆದು ಮುದ್ದೆಗೆ ಹಚ್ಚುವ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಕಾಳುಮೆಣಸೊಂದು ಹತ್ತಿರದ್ದು, ಅದೂ ಘಟ್ಟದಿಂದ ಬರಬೇಕು. ರಾಗಿಯ ಪ್ರಕರಣ ಇನ್ನೂ ಜಟಿಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತೆಗೆದರು. ಸಾವಿರಾರು ವರ್ಷ ಮುಖ ನೋಡದ ದಾಯಾದಿಗಳಿಗೆ ಮದುವೆಯಾಯಿತು, ಬೆಳೆಯೂ ಹೆಚ್ಚಿತು.

ಹಾಗಾದರೆ ತಟ್ಟೆಯಲ್ಲಿ ನಾಟಿ ಯಾರು? ಹುರುಳಿ. ಮತ್ತು ಕೊರಲೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಇವೆರಡೂ ಸಿಕ್ಕಿವೆ. ಕೊರಲೆ ಇವತ್ತಿಗೂ ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರದ ಒಣ ಸೀಮೆಯ ಬೆಳೆ. ಬೇರೆ ಪೈರು ಬಾರದ ಹುಣಸೆಮರದ ನೆರಳಲ್ಲೂ ಬರುತ್ತದೆ. ಇಷ್ಟೆಲ್ಲ ದಾಖಲೆಯಿರುವ ಈ ನಿಜವಾದ ಮಣ್ಣಿನ ಮಗನಿಗೆ ನಾವು ಕೊಟ್ಟ ಮರ್ಯಾದೆ ಎಂದರೆ, ನೆಂಟರು ಬಂದ ದಿನ ಅದನ್ನು ಅಡಗಿಸಿ ಅಕ್ಕಿ ಬೇಯಿಸಿದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅದೇ ನೆಂಟರು ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ಕೆಜಿಯ ಪೊಟ್ಟಣದ ಮೇಲೆ ಅದರ ಹೆಸರು ಓದಿ, "ಇದನ್ನ ಮಾಡೋದು ಹೇಗೆ?" ಎಂದು ಊರಿಗೆ ಫೋನು ಮಾಡುತ್ತಿದ್ದಾರೆ. ಉತ್ತರ ದೊಡ್ಡದಲ್ಲ. ತೊಳೆದು ನೆನೆಹಾಕಿ, ಅನ್ನ ಮಾಡಿ, ಜೀರಿಗೆ, ಮೆಣಸು, ಕರಿಬೇವು, ಒಂದಿಷ್ಟು ತುಪ್ಪದ ಒಗ್ಗರಣೆ ಕೊಡಿ. ನೀರೆಷ್ಟು ಎಂದು ಮಾತ್ರ ಕೇಳಬೇಡಿ.

ಅನ್ನ, ಮುದ್ದೆಗಳ ಈ ಜಗಳ ಹೊಸದೇನಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ, ರಾಗಿಗಳು ಶ್ರೇಷ್ಠರಾರೆಂದು ರಾಮನ ಮುಂದೆ ಬಂದಾಗ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಯಿತು. ಭತ್ತ ಸತ್ತ್ವಗುಂದಿತು, ರಾಗಿ ಗೆದ್ದಿತು. ಆಧುನಿಕ ಸಂಶೋಧಕನಾಗಿ ನನಗೆ ಈ ಪ್ರಯೋಗದ ವಿಧಾನದ ಬಗ್ಗೆ ತಕರಾರಿದೆ. ಹಗೇವಿನಲ್ಲಿ ವರ್ಷಗಟ್ಟಲೆ ಕಳೆದು ರೂಢಿಯಾದ ರಾಗಿಗೆ ಆರು ತಿಂಗಳ ಸೆರೆಮನೆ ಯಾವ ಲೆಕ್ಕ?

ಕಡೆಯದಾಗಿ ಶಕ್ತಿ ವಿಚಾರ. ಇದಕ್ಕೆ ಕ್ಷೇತ್ರ ರಾಯಚರ್ಲು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲುಗಳ ಜೊತೆ ಈ ಊರಿನ ಹೊಲಗಳೂ ಸೇರಿ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆಯಾಯಿತು. ಸಾಮರ್ಥ್ಯ 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆ ನೆಚ್ಚಿ ಕಡಲೆಕಾಯಿ, ರಾಗಿ ಬಿತ್ತುತ್ತಿದ್ದ ಕಡೆ ಈಗ ಬಿಸಿಲನ್ನೇ ಕೊಯ್ಯುತ್ತಾರೆ. ಇಷ್ಟು ಕರೆಂಟಿರುವಾಗ ಹಿಟ್ಟಿಗೇಕೆ ಸೌದೆ, ಸಿಲಿಂಡರ್ ಎಂಬ ಪ್ರಶ್ನೆ ಸಹಜ. ಇಂಡಕ್ಷನ್ ಒಲೆ ಎಸರನ್ನು ಚೆನ್ನಾಗಿಯೇ ಮರಳಿಸುತ್ತದೆ. ತೊಡಕು ಆಮೇಲಿನದು. ಗಾಜಿನ ಮೇಲಿನ ಪಾತ್ರೆಗೆ ಕವೆಗೋಲು ಒತ್ತಿ ತೊಳಸಹೊರಟರೆ ಪಾತ್ರೆ ಜಾರುತ್ತದೆ. ಹೀಗಾಗಿ ಅದನ್ನು ನೆಲಕ್ಕಿಳಿಸಿ, ಕವೆಗೋಲನ್ನು ಕಾಲಿನಿಂದ ಅದುಮಿ, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಬೇಕು. ಈ ಹಂತದಲ್ಲಿ 2,050 ಮೆಗಾವ್ಯಾಟ್ ಪ್ರಯೋಜನಕ್ಕೆ ಬಾರದು; ಬೇಕಾದ್ದು ಒಬ್ಬ ಹೆಂಗಸಿನ ರಟ್ಟೆ.

ಆ ರಟ್ಟೆಯ ಸಾಮರ್ಥ್ಯ ಎಷ್ಟು ವ್ಯಾಟ್ ಎಂದು ಅಳೆಯಲು ಅನುದಾನ ಕೋರಿ ಅರ್ಜಿ ಸಿದ್ಧಪಡಿಸಿದ್ದೇನೆ. ಉಪಕರಣಗಳ ಕಲಮಿನಲ್ಲಿ ಹಿಟ್ಟಿನ ಕೋಲು ಒಂದು, ಕವೆಗೋಲು ಒಂದು, ರಾಗಿಹಿಟ್ಟು ಎರಡು ಸೇರು ಎಂದು ತುಂಬಿಯಾಯಿತು. ಸಹಸಂಶೋಧಕರ ಕಲಮಿನಲ್ಲಿ ಹೆಸರು ಸೇರಿಸಲು ಒಪ್ಪಿಗೆ ಕೇಳಿದಾಗ ಅಜ್ಜಿ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ, "ಕೂಲಿ ಎಷ್ಟ್ ಕೊಡ್ತೀಯಪ್ಪ?" ಎಂದರು.