ಚೀಟಿ ಎತ್ತಿದ ಮೇಲೆ

ಕರಿಬೇವು ಎಷ್ಟು ಬೇಕಾದ್ರೂ ಕಿತ್ಕೊಳ್ಳಿ ಅಕ್ಕ, ಈ ಕಡೆ ಕೊಂಬೆ ಎಳೆದಾಗಿದೆ. ಅಂದಹಾಗೆ, ನಿನ್ನೆ ನಿಮ್ಮ ಮಗ ಗೇಟ್ ಹತ್ರ ನಿಂತು ಫೋನಲ್ಲಿ ಹೇಳ್ತಿದ್ದ, 'ಈ ತಿಂಗಳು ಕಮಿಟ್‌ಮೆಂಟ್ ಜಾಸ್ತಿ ಕಣೋ, ಆಗಲ್ಲ' ಅಂತ. ಮನೆ ಸಾಲದ ಕಂತು, ಮಗಳ ಸ್ಕೂಲ್ ಫೀಸು, ಅದೇ ತಾನೆ? ಪಾಪ, ಒಬ್ಬನೇ ಎಷ್ಟೂಂತ ಹೊರ್ತಾನೆ.

ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಮದುವೆಗೆ ಬರೋಕಾಗಲ್ಲ ಅನ್ನೋಕೂ ಕಮಿಟ್‌ಮೆಂಟ್, ಹುಡುಗ ಯಾರನ್ನೋ ಒಪ್ಕೊಂಡಿದ್ದಾನೆ ಅನ್ನೋಕೂ ಕಮಿಟ್ ಆಗಿದಾನೆ. ಟೀವಿ ಹಾಕಿದ್ರೆ ಯಾವ ಪಕ್ಷದ ಮಂತ್ರಿಯಾದ್ರೂ 'ನಮ್ಮ ಸರ್ಕಾರ ಬದ್ಧವಾಗಿದೆ' ಅಂತಾರೆ. ಏನು ಮಾಡ್ತಾರೆ, ಯಾವಾಗಿನೊಳಗೆ ಮಾಡ್ತಾರೆ, ಎರಡನ್ನೂ ಬಾಯಿಬಿಟ್ಟು ಹೇಳಿದ್ರೆ ಮಾತ್ರ ನಾನು ಕಿವಿ ಕೊಡೋದು.

ಕಂತು ಕಟ್ಟೋದನ್ನ ನಾನು ಸಣ್ಣದು ಅಂತಿಲ್ಲ. ಆದ್ರೆ ಅಲ್ಲಿ ಬ್ಯಾಂಕಿನೋರು ಬಿಡಲ್ಲ, ತಪ್ಪಿದ್ರೆ ದಂಡ ಹಾಕ್ತಾರೆ. ಕೇಳೋರು ಇಲ್ಲದ ಕಡೆ ಮನುಷ್ಯ ಹೇಗಿರ್ತಾನೆ ಅನ್ನೋದೇ ನನಗೆ ಮುಖ್ಯ. ನಮ್ಮ ಬೀದಿ ಚೀಟೀನೇ ತಗೊಳ್ಳಿ. ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಮೊದಮೊದಲೇ ಕೂಗಿ ಎತ್ತಿದೋರಿಗೆ ದುಡ್ಡು ಆಗಲೇ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತೆ. ಇನ್ನು ಉಳಿದಷ್ಟು ತಿಂಗಳೂ ಬರೀ ಕಟ್ಟೋದು, ಕೈಗೆ ಏನೂ ಬರಲ್ಲ. ಬರೆದುಕೊಟ್ಟ ಪತ್ರ ಇಲ್ಲ, ಸಾಕ್ಷಿ ಇಲ್ಲ. ಮನುಷ್ಯರ ಬಣ್ಣ ಗೊತ್ತಾಗೋದು ಚೀಟಿ ಎತ್ತಿದ ಮೇಲೇನೇ.

ಮೂಲೆಮನೆ ಹೂವಿನಮ್ಮ ಮೂರನೇ ತಿಂಗಳೇ ಎತ್ತಿದ್ರು, ನೆನಪಿದೆಯಾ? ಐದನೇ ತಾರೀಕು ಬಂತು ಅಂದ್ರೆ ಬೆಳಿಗ್ಗೆ ಬುಟ್ಟಿ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಹತ್ತು ಇಪ್ಪತ್ತರ ನೋಟು ಎಣಿಸಿ ಕೊಡೋರು. ನೋಟೆಲ್ಲ ಮಲ್ಲಿಗೆ ವಾಸನೆ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ವ್ಯಾಪಾರ ಕಮ್ಮಿ. ಆಗ ಎರಡನೇ ತಾರೀಕೇ ಬಂದು, 'ಈ ಸಲ ಎಂಟಕ್ಕೆ ಕೊಡ್ತೀನಮ್ಮ' ಅಂದ್ರು. ಎಂಟಕ್ಕೆ ತಂದ್ರು. ಆಗಲ್ಲ ಅನ್ನೋದನ್ನ ಮುಂಚೆ ಬಂದು ಹೇಳೋದಿದೆಯಲ್ಲ, ಅದೂ ಮಾತು ಉಳಿಸ್ಕೊಳ್ಳೋದೇ. ಓದಿದೋರು ಎಷ್ಟೋ ಜನ ಆಗ ಫೋನೇ ಎತ್ತಲ್ಲ.

ದೊಡ್ಡೋರಲ್ಲೂ ಅಂಥೋರಿದ್ರು ಅಕ್ಕ. ಜಿ. ವೆಂಕಟಸುಬ್ಬಯ್ಯನೋರು, ನಿಘಂಟು ಮಾಡಿದೋರು. 1913ರಲ್ಲಿ ಹುಟ್ಟಿದೋರು. ಬೆಂಗಳೂರಿನ ವಿಜಯಾ ಕಾಲೇಜಲ್ಲಿ ಪಾಠ ಹೇಳ್ತಿದ್ರು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟ ಇದೆಯಲ್ಲ, ಅದರ ಪ್ರಧಾನ ಸಂಪಾದಕರಾಗಿದ್ರು. ಆ ಕೆಲಸ ಹೇಗೆ ಅಂತೀರಿ? ಶಾಸನ, ಹಳಗನ್ನಡ ಕಾವ್ಯ, ಎಲ್ಲ ಓದಿ, ಒಂದೊಂದು ಪದಾನೂ ಅದು ಬಂದ ಸಾಲಿನ ಜೊತೆ ಒಂದೊಂದು ಚೀಟಿಗೆ ಇಳಿಸ್ಬೇಕು. ಆಮೇಲೆ ಅಕ್ಷರದ ಸಾಲಿಗೆ ಜೋಡಿಸಿ, ಅರ್ಥ ಬಿಡಿಸಿ, ಯಾವುದು ಹಳೇ ಪ್ರಯೋಗ, ಯಾವುದು ಹೊಸದು ಅಂತ ತೂಗಿ ನೋಡ್ಬೇಕು. ಸಂಪುಟ ಸಂಪುಟಕ್ಕೂ ವರ್ಷಗಟ್ಟಲೆ ಹಿಡಿಯೋದು. 'ಅ' ಬರೆಯೋವಾಗ ಇದ್ದೋರು 'ಳ' ಬರೋ ಹೊತ್ತಿಗೆ ಇರ್ತಾರೋ ಇಲ್ಲವೋ ಅನ್ನೋ ಕೆಲಸ ಅದು. ವಿದ್ವಾಂಸರ ದಂಡೇ ದುಡಿದಿದೆ, ಅವರೊಬ್ಬರದೇ ಅಲ್ಲ.

ನನಗೆ ಕೈಮುಗಿಯೋ ಹಾಗಾಗೋದು ಬೇರೆ ಕಾರಣಕ್ಕೆ. ಕಾಲೇಜಿಂದ ನಿವೃತ್ತಿ ಆದ್ಮೇಲೂ ಅವರು ಪದಗಳನ್ನ ಕೈಬಿಡಲಿಲ್ಲ. 1991ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಲ್ಲಿ, ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದ್ರು. ಯಾವುದೋ ಊರಿನ ಓದುಗ ಈ ಪದ ಸರಿಯಾ, ಆ ಪದ ಸರಿಯಾ ಅಂತ ಬರೆದು ಕೇಳೋದು, ಇವರು ಮೂಲ ಹುಡುಕಿ ಉತ್ತರ ಕೊಡೋದು. ಹೆಸರು ಆಗಲೇ ಬಂದಿತ್ತು. ಸುಮ್ನೆ ಕೂತಿದ್ರೂ ಯಾರೂ ಏನೂ ಅಂತಿರಲಿಲ್ಲ. ವರ್ಷಾನುಗಟ್ಟಲೆ ಬರೆದ್ರು. 2021ರಲ್ಲಿ ಹೋದಾಗ ಅವರಿಗೆ ನೂರ ಏಳು ವರ್ಷ.

ಎಲ್ಲದಕ್ಕೂ ಹೂಂ ಅನ್ನೋರಿಂದ ಇಂಥ ಕೆಲಸ ಆಗೋಲ್ಲ ಅಂತ ನನ್ನ ನಂಬಿಕೆ. ದೇವಸ್ಥಾನದ ಕಮಿಟಿಗೂ ಹೂಂ, ರಾಜ್ಯೋತ್ಸವಕ್ಕೂ ಹೂಂ, ನೆಂಟರ ಗೃಹಪ್ರವೇಶದ ಓಡಾಟಕ್ಕೂ ಹೂಂ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮ ಹಿರೀಕರು ಸುಮ್ನೆ ಅಂದ್ರಾ? ಒಪ್ಕೊಂಡದ್ದು ಕಮ್ಮಿ ಇದ್ರೆ ಮಾತ್ರ ನೆಟ್ಟಗೆ ನಡೆಯುತ್ತೆ.

ಅದಕ್ಕೇ ಅಕ್ಕ, ಮೊಮ್ಮಗಳಿಗೆ ಕನ್ನಡ ಹೇಳಿಕೊಡು ಅಂತ ಮೊನ್ನೆ ನೀವು ಕೇಳಿದಾಗ ತಕ್ಷಣ ಹೂಂ ಅನ್ನಲಿಲ್ಲ, ಬೇಜಾರು ಮಾಡ್ಕೋಬೇಡಿ. ಯೋಚನೆ ಮಾಡಿದೀನಿ. ದಿನಾ ಆಗಲ್ಲ. ಶನಿವಾರ ನಾಲ್ಕು ಗಂಟೆಗೆ ಕಳಿಸಿ, ಪರೀಕ್ಷೆ ಮುಗಿಯೋವರೆಗೂ ಒಂದು ವಾರವೂ ತಪ್ಪಿಸಲ್ಲ. ಕಾಗುಣಿತದ ಪುಸ್ತಕ ನನ್ನ ಹತ್ರಾನೇ ಇದೆ, ನೀವು ತರೋದು ಬೇಡ.