ದಬ್ಬೇಘಟ್ಟೀಯ ಆಂಗ್ಲೋಚ್ಚಾರಣ ಮೀಮಾಂಸೆ

ಆಂಗ್ಲಭಾಷೆಗೆ ಜಗತ್ತಿನಲ್ಲಿ ಮೂರು ಉಚ್ಚಾರಣಾ ಪೀಠಗಳಿವೆ: ಲಂಡನ್, ನ್ಯೂಯಾರ್ಕ್, ದಬ್ಬೇಘಟ್ಟ. ಮೊದಲೆರಡರ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಡೇನಿಯಲ್ ಜೋನ್ಸ್ 1917ರಲ್ಲಿ ಇಂಗ್ಲಿಷ್ ಉಚ್ಚಾರಣೆಗೆಂದೇ ಒಂದು ನಿಘಂಟು ಹೊರತಂದ. ಆದರೆ ಆ ಪುಣ್ಯಾತ್ಮ ದಬ್ಬೇಘಟ್ಟವಿರುವ ತುರುವೇಕೆರೆ ತಾಲ್ಲೂಕಿನ ಒಬ್ಬನೇ ಒಬ್ಬ ಮೋಟ್ರು ರಿಪೇರಿಯವನನ್ನೂ ಮಾತಾಡಿಸಲಿಲ್ಲ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಈ ಸೀಮೆಗೂ ಇಂಗ್ಲಿಷಿಗೂ ಏನು ನಂಟು ಎಂದು ಮೂಗು ಮುರಿಯುವವರು ಚರಿತ್ರೆ ಓದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. 1884ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಸಂಪಿಗೆಯಲ್ಲಿ. ವರ್ಡ್ಸ್‌ವರ್ತ್, ಶೆಲ್ಲಿ ಕನ್ನಡಕ್ಕೆ ಬಂದದ್ದು ನಮ್ಮ ತೋಟದ ಬದುವಿನ ಮೇಲೆಯೇ ಎಂಬುದು ನನ್ನ ವಾದ. ಒಪ್ಪದವರು ಸರ್ವೆ ಮಾಡಿಸಲಿ.

ಇನ್ನು ಲಕ್ಷಣ. ಪ್ರಥಮ ಸೂತ್ರ: ವ್ಯಂಜನಾಂತಕ್ಕೆ ಉಕಾರ. ನಮ್ಮ ಬಾಯಲ್ಲಿ ಪದ ವ್ಯಂಜನದ ಮೇಲೆ ನಿಂತರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ, ಉಕಾರದ ಚಿಲಕ ಬೀಳಲೇಬೇಕು. ಆದ್ದರಿಂದ ಬಸ್ಸು, ಕರೆಂಟು, ಡ್ರಿಪ್ಪು, ಟೆಂಡ್ರು. ಕೊಬ್ಬರಿ ಕೊಳ್ಳುವ ನ್ಯಾಫೆಡ್ ದಿಲ್ಲಿಯಲ್ಲಿ ಏನಾದರೂ ಆಗಿರಲಿ, ಇಲ್ಲಿ ಅದು ನ್ಯಾಪೆಡ್ಡು. ದ್ವಿತೀಯ ಸೂತ್ರ: ಫಕಾರಕ್ಕೆ ಪಕಾರ. ‘ತ್ರೀ ಪೇಸು ಬಂತು’ ಎಂದರೆ ಇಡೀ ಊರು ಪಂಪ್‌ಸೆಟ್ಟಿನ ಕಡೆ ಓಡುತ್ತದೆ. ‘ಥ್ರೀ ಫೇಜ್’ ಎಂದು ಶುದ್ಧವಾಗಿ ಕೂಗಿದರೆ ಜಗುಲಿ ಮೇಲಿನ ನಾಯಿಯೂ ಏಳುವುದಿಲ್ಲ. ನಾನು ಕೂಗಿ ನೋಡಿದ್ದೇನೆ. ತೃತೀಯ ಸೂತ್ರ: ಹಕಾರ ಲೋಪ. ಹಾಲು ಆಲಾಗಿ, ಹಳ್ಳಿ ಅಳ್ಳಿಯಾಗಿರುವಲ್ಲಿ ಹೋಟೆಲು ಓಟ್ಲಾಗದೆ ಇರುತ್ತದೆಯೇ? ಪೂರ್ವ ಲಂಡನ್ನಿನ ಕಾಕ್ನಿ ಜನರೂ ಹಕಾರ ನುಂಗುತ್ತಾರೆ. ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿಗೆ ಮೇಷ್ಟರನ್ನು ಗೊತ್ತುಮಾಡಿದ್ದು ಇಂಥ ಬಾಯಿಯನ್ನು ತಿದ್ದಲಿಕ್ಕೇ. ಅವರು ನಮ್ಮಿಂದ ಕಲಿತರೋ, ನಾವು ಅವರಿಂದಲೋ ಎಂಬುದು ವಿವಾದಾಸ್ಪದ. ನಮ್ಮ ಕಡೆಯಿಂದ ವಿವಾದವಿಲ್ಲ.

ಹಾಗಿದ್ದರೆ ಇಷ್ಟು ಘನವಾದ ಉಚ್ಚಾರಣೆಯ ಬಗ್ಗೆ ನಮಗೇ ನಾಚಿಕೆ ಹುಟ್ಟುವುದೆಲ್ಲಿ? ರೈಲಿನಲ್ಲಿ. ತಿಪಟೂರಿನಲ್ಲಿ ಹತ್ತುವಾಗ ಜೇಬಿನಲ್ಲಿರುವುದು ಟಿಕೀಟು. ತುಮಕೂರು ದಾಟುವಾಗ ಟಿಕೆಟ್ಟು. ಯಶವಂತಪುರದಲ್ಲಿ ಇಳಿಯುವಷ್ಟರಲ್ಲಿ ಟಿಕೆಟ್. ಉದುರಿದ ಉಕಾರಗಳೆಲ್ಲ ಹಳಿಯ ಪಕ್ಕದಲ್ಲಿ ಬಿದ್ದಿರಬೇಕು, ಹೆಕ್ಕಿದರೆ ಒಂದು ಲೋಡು ಆದೀತು.

ಬೆಂಗಳೂರಿನ ಕಂಪನಿಯಲ್ಲಿರುವ ನಮ್ಮಣ್ಣನ ಮಗ ಹಬ್ಬಕ್ಕೆ ಬಂದಿದ್ದ. ಸಿಗ್ನಲ್ ಸಿಗಲೆಂದು ಕೊಬ್ಬರಿ ಅಟ್ಟ ಹತ್ತಿ, ನಾಲಿಗೆ ಸುತ್ತಿ, ಮೂಗಿನಲ್ಲಿ ಅಮೆರಿಕದವರ ಜೊತೆ ಮಾತಾಡುತ್ತಿದ್ದ. ಕೆಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಕತ್ತೆತ್ತಿ ಕೇಳಿದಳು:

“ಯಾಕ್ಲಾ ಮಗ, ಅಲ್ಲು ನೋಯ್ತೈತಾ?”

“ಇಲ್ಲ ಕಣಜ್ಜಿ, ಆಪೀಸು!”

ಒಂದೇ ಪದದಲ್ಲಿ ಎರಡು ಸೂತ್ರ. ನನ್ನ ಸಂಶೋಧನೆಗೆ ಇದಕ್ಕಿಂತ ಪುರಾವೆ ಬೇಕಿಲ್ಲ.

ದೊರೆಗಳ ನಾಡಿನಲ್ಲೂ ಊರ ಬಾಯಿಗೆ ಮರ್ಯಾದೆ ಅಷ್ಟಕ್ಕಷ್ಟೇ. 1941ರಲ್ಲಿ ಬಿಬಿಸಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ಕೈಲಿ ದೇಶಕ್ಕೆಲ್ಲ ವಾರ್ತೆ ಓದಿಸಿತು. ಅವನು ಕೊನೆಗೆ ತನ್ನ ಸೀಮೆಯ ಧಾಟಿಯಲ್ಲಿ ‘ಗುಡ್ ನೀಟ್’ ಅಂದದ್ದಕ್ಕೆ ಇಂಗ್ಲಿಷರೇ ಸಿಡಿಮಿಡಿಗೊಂಡರು.

ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ನಾವು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಗಡಗಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಅಷ್ಟಕ್ಕೇ ಯಾರೂ ದರ ಕಟ್ಟುವುದಿಲ್ಲ, ಚಿಪ್ಪು ಒಡೆದೇ ನೋಡುತ್ತಾರೆ. ಕೆಲಸ ಕೊಡುವ ಕಂಪನಿಗಳು ಮಾತ್ರ ಗಡಗಡ ಕೇಳಿಯೇ ದರ ಕಟ್ಟುತ್ತವೆ.

ಈ ಮೀಮಾಂಸೆಗೆ ಆಕ್ಷೇಪಣೆ ಇರುವ ಪಂಡಿತರು ದಬ್ಬೇಘಟ್ಟಕ್ಕೇ ಬಂದು ವಾದಿಸಬಹುದು. ತ್ರೀ ಪೇಸು ಇರುವ ಹೊತ್ತಿನಲ್ಲಿ ಮಾತ್ರ ಬರಬೇಡಿ, ಆಗ ನಾನು ತೋಟದಲ್ಲಿರುತ್ತೇನೆ.