ಗಾಳದ ಸಾವ್ಕಾರ್ರು

ಅಮಾವಾಸ್ಯೆ ಹತ್ತಿರ ಬಂತೆಂದರೆ ಬಳ್ಳಾರಿಯ ಪಾರ್ವತಿನಗರದ ಗಾಳದ ಸಾವ್ಕಾರ್ರು ಪಂಚಾಂಗ ಹಿಡಿದು ಕೂರುತ್ತಾರೆ. ಮಗನಿಗೆ ಐವತ್ತು ದಾಟಿದ ಮೇಲಾದರೂ ಭಕ್ತಿ ಬಂತಲ್ಲ ಎಂದು ತಾಯಿಗೆ ಸಮಾಧಾನ. ಆದರೆ ಸಾವ್ಕಾರ್ರು ಲೆಕ್ಕ ಹಾಕುತ್ತಿರುವುದು ಸಮುದ್ರದ ಉಬ್ಬರವನ್ನು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ನೀರಿನ ಸೆಳೆತ ಜೋರು, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ. ಎಲ್ಲ ಬಾಯಿಪಾಠ.

"ಸಿರುಗುಪ್ಪದಾಗ ತುಂಗಭದ್ರೆ ಹರೀತಾಳಲ್ರಿ, ಅಲ್ಲೇ ಗಾಳ ಹಾಕ್ರಿ" ಎಂದರೆ ಮುಖ ಸಿಂಡರಿಸುತ್ತಾರೆ. ಗಾಳವೆಂದರೆ ಕಡಲು, ಕಡಲೆಂದರೆ ಅಂಕೋಲಾದ ಬೇಲೆಕೇರಿ. ಹೊಸಪೇಟೆ, ಗದಗ, ಹುಬ್ಬಳ್ಳಿ ದಾಟಿ ಅರಬೈಲು ಘಾಟಿ ಇಳಿಯುವ ಸುಮಾರು 350 ಕಿ.ಮೀ. ಹಾದಿ. ಅದಿರಿನ ಭರಾಟೆಯಲ್ಲಿ ನಮ್ಮ ಕಡೆಯ ಲಾರಿಗಳು ಇದೇ ಹಾದಿಯಲ್ಲಿ ಬೇಲೆಕೇರಿ ಬಂದರಿಗೆ ಸಾಲುಗಟ್ಟಿದ್ದವು. 2010ರಲ್ಲಿ ಜಪ್ತಿ ಮಾಡಿಟ್ಟ ಅದಿರು ಅಲ್ಲಿಂದಲೇ ಮಾಯವಾಯಿತು. ಗುಡ್ಡದಂಥ ಅದಿರೇ ಕೈಗೆ ಸಿಗದ ಊರಲ್ಲಿ ತಮಗೆ ಮೀನು ಸಿಗದಿದ್ದರೆ ನಗುವಂಥದ್ದೇನಿದೆ ಎಂಬುದು ಸಾವ್ಕಾರ್ರ ವಾದ.

ಬೇಲೆಕೇರಿಯಲ್ಲಿ ಹಿಡಿಯುವ ಬಾಡಿಗೆ ದೋಣಿ ಸಣ್ಣದು, ಸಾವ್ಕಾರ್ರ ಸರಂಜಾಮು ದೊಡ್ಡದು. ಕಾರ್ಬನ್ ಕೋಲು, ಜಪಾನಿನ ರೀಲು, ಬಣ್ಣಬಣ್ಣದ ರಬ್ಬರ್ ಮೀನುಗಳ ಪೆಟ್ಟಿಗೆ, ಕಪ್ಪು ಕನ್ನಡಕ. ದೋಣಿಯವನ ಹತ್ತಿರ ಇರುವುದು ಖಾಲಿ ಬಾಟಲಿಗೆ ಸುತ್ತಿದ ನೈಲಾನ್ ದಾರ, ಸೀಸದ ಗುಂಡು, ಒಂದು ಹಿಡಿ ಶೆಟ್ಲಿ, ಅಂದರೆ ಸೀಗಡಿ. ಅವನು ಕಾಯುತ್ತಿರುವುದು ಕಾಣೆ ಮೀನಿಗೆ. ಅದು ಮರಳಿನ ತಳದಲ್ಲಿ ಮೇಯುತ್ತದೆ, ಬೆದರಿದರೆ ಮರಳಲ್ಲೇ ಹೂತುಕೊಳ್ಳುತ್ತದೆ. ಹಾಗಾಗಿ ಗುಂಡು ತಳ ಮುಟ್ಟುವವರೆಗೆ ದಾರ ಬಿಟ್ಟು, ತೋರುಬೆರಳ ಮೇಲೆ ಅದನ್ನು ಬಿಗಿಯಾಗಿಟ್ಟು ಸುಮ್ಮನೆ ಕೂತಿದ್ದಾನೆ. ಬೆರಳಿಗೆ ಟಕ್ ಎಂದಿತೋ, ಸರಕ್ಕನೆ ಎಳೆತ. ಜಪಾನಿನವರು ರೀಲಿಗೆ ಎಷ್ಟು ಬೇರಿಂಗ್ ಕೂರಿಸಿದ್ದಾರೆಂದು ಸಾವ್ಕಾರ್ರು ವಿವರಿಸಿ ಮುಗಿಸುವಷ್ಟರಲ್ಲಿ ನಾಲ್ಕು ಕಾಣೆ ಬುಟ್ಟಿಗೆ ಬಿದ್ದಿರುತ್ತವೆ.

"ಸಾಹೇಬ್ರೇ, ನಿತ್ಕಬೇಡಿ. ದೋಣಿ ವಾಲ್ತದೆ."

"ನಿಂತು ಬೀಸಿದ್ರೇನೇ ದೂರ ಬೀಳೋದು ತಮ್ಮಾ!"

ಬೀಸಿದರು. ಗಾಳ ದೋಣಿಯವನ ಟೊಪ್ಪಿಗೆ ಸಿಕ್ಕಿತು.

ಬಿಸಿಲೇರಿ ಹೊಟ್ಟೆ ತೊಳಸತೊಡಗಿದ ಹೊತ್ತಿಗೆ ಕೋಲು ಬಾಗಿತು. ಬಂದದ್ದು ಬಲೂನಿನಂತೆ ಉಬ್ಬಿ ಗುಟುರು ಹಾಕುವ ವಿಷದ ಮೀನು. ತಿನ್ನುವಂತಿಲ್ಲ, ಮಾರುವಂತಿಲ್ಲ. ದೋಣಿಯವನು ನಕ್ಕು ನೀರಿಗೆ ಬಿಡುವ ಮೊದಲೇ ಸಾವ್ಕಾರ್ರು ಎಲ್ಲ ದಿಕ್ಕಿನಿಂದಲೂ ಫೋಟೊ ತೆಗೆಸಿಕೊಂಡಿದ್ದರು.

ಹಾಗೆ ನೋಡಿದರೆ ಕಾಣೆ ಸಿಕ್ಕಿದ್ದರೂ ಅವರಿಗೆ ಅಷ್ಟೇ. ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ, ಸಾವ್ಕಾರ್ರೂ ಶುದ್ಧ ಸಸ್ಯಾಹಾರಿ. ಬುಟ್ಟಿ ದೋಣಿಯವನ ಹೆಂಡತಿಯ ತಲೆಯೇರಿ ಪೇಟೆಗೆ ಹೋಗುತ್ತದೆ. ಬಾಡಿಗೆಯನ್ನೂ ಕೊಟ್ಟು ಮೀನನ್ನೂ ಬಿಟ್ಟುಹೋಗುವ ಗಿರಾಕಿ ಎಂದು ಆಕೆಗೆ ಇವರ ಮೇಲೆ ವಿಶೇಷ ಗೌರವ. ಬೈಗಿನ ಚಹಾ ಪುಕ್ಕಟೆ.

ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧ ಯಾಂತ್ರೀಕೃತ ದೋಣಿಗಳಿಗೆ. ಸಣ್ಣ ನಾಡದೋಣಿಗೆ ವಿನಾಯಿತಿ ಇದೆ. ಸಾವ್ಕಾರ್ರು ಮಾತ್ರ 61 ದಿನವನ್ನೂ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಆ ಬಿಡುವು ರೀಲಿನ ಆರೈಕೆಗೆ. ರೀಲಿಗೆ ಉಪ್ಪು ಹಿಡಿದರೆ ಕೆಟ್ಟಿತು, ಸಿಹಿನೀರಲ್ಲಿ ತೊಳೆದು ಎಣ್ಣೆ ಬಿಡಬೇಕು. ದಿನಗಟ್ಟಲೆ ಕಾದ ನಲ್ಲಿ ನೀರು ಬಂದಾಗ ಮೊದಲ ಕೊಡ ರೀಲಿಗೇ ಮೀಸಲು.

"ಎರಡನೇದು ಕುಡಿಯಾಕ ಇಟ್ಕೊಳ್ಲೇನ್ರಿ," ಎನ್ನುತ್ತಾರೆ ಹೆಂಡತಿ, "ಇಲ್ಲಾ ಕೋಲಿಗೂ ಸ್ನಾನ ಐತಾ?"